ಕಮ್ಮಿ ಖರ್ಚಲ್ಲಿ ಶಿವಮೊಗ್ಗ ನೋಡೋದು ಹೇಗೆ ಅಂತ ಕೇಳುವವರಿಗೆ

ರಜೆ ಹತ್ತಿರ ಬಂತೆಂದರೆ ನನ್ನ ಫೋನಿಗೆ ಇದೊಂದು ಪ್ರಶ್ನೆ ಬಂದೇ ಬರುತ್ತದೆ. "ಫ್ಯಾಮಿಲಿ ಸಮೇತ ಎರಡು ದಿನಕ್ಕೆ ನಿಮ್ಮೂರಿಗೆ ಬರ್ತಿದೀವಿ. ಕಮ್ಮಿ ಖರ್ಚಲ್ಲಿ ಏನೇನು ನೋಡಬಹುದು? ಫ್ರೀ ಇರೋ ಜಾಗ ಯಾವ್ಯಾವುದು? ಒಂದು ಲಿಸ್ಟ್ ಕಳಿಸು." ಹೇಳಿ ಹೇಳಿ ಬಾಯಿ ನೋವು ಬಂದಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಲಿಸ್ಟ್ ಕೊಡುವುದಿಲ್ಲ. ಕೊಟ್ಟರೆ ಏನಾಗುತ್ತದೆ ಅಂತ ಕಣ್ಣಾರೆ ಕಂಡಿದ್ದೇನೆ. ಫ್ರೀ ಜಾಗ ಹುಡುಕುವುದನ್ನೂ ಬಿಡಿ. ಕೂಡ್ಲಿಯ ಸಂಗಮದಲ್ಲಿ, ಇಕ್ಕೇರಿಯ ಅಘೋರೇಶ್ವರನ ಗುಡಿಯಲ್ಲಿ, ಕೆಳದಿಯ ರಾಮೇಶ್ವರನ ಮುಂದೆ ಯಾರೂ ಟಿಕೆಟ್ ಕೇಳುವುದಿಲ್ಲ. ಮಲೆನಾಡಲ್ಲಿ ದುಡ್ಡು ಕರಗುವುದು ಗೇಟಿನಲ್ಲಲ್ಲ, ರಸ್ತೆಯಲ್ಲಿ. ಬಾಡಿಗೆ ಕಾರಿನವರು ನೀವು ಓಡಿಸಿದರೂ ಬಿಟ್ಟರೂ ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಅಂತ ಲೆಕ್ಕ ಹಿಡಿಯುತ್ತಾರೆ, ಅದರ ಮೇಲೆ ಡ್ರೈವರ್ ಬಾಟಾ. ಶಿವಮೊಗ್ಗದಿಂದ ಜೋಗ ಸುಮಾರು 100 ಕಿ.ಮೀ. ಆಗುಂಬೆಯೂ ಹೆಚ್ಚುಕಮ್ಮಿ ಅಷ್ಟೇ ದೂರ, ಆದರೆ ಬೇರೆ ದಿಕ್ಕು. ಮ್ಯಾಪಿನಲ್ಲಿ ಎರಡೂ ಒಂದೇ ಜಿಲ್ಲೆ ಅಂತ ಒಂದೇ ದಿನಕ್ಕೆ ತುರುಕುವವರಿದ್ದಾರೆ.

ನಮ್ಮ ಸಂಬಂಧಿಕರೊಬ್ಬರೂ ಹೀಗೇ ಒಂದೇ ದಿನಕ್ಕೆ ದೂರದ ಜಾಗಗಳನ್ನು ತುರುಕಿಕೊಂಡರು. ಮೇ ತಿಂಗಳು. ಬೆಂಗಳೂರಿನಿಂದ ಮಕ್ಕಳು, ಅಜ್ಜಿ ಎಲ್ಲ ಸೇರಿ ದೊಡ್ಡ ಗಾಡಿಯಲ್ಲಿ ಬಂದರು. ಬೆಳಗ್ಗೆ ಜೋಗಕ್ಕೆ ಹೋದರೆ ಬಂಡೆಯ ಮೇಲೆ ನೂಲಿನಂಥ ನೀರು. ಅಲ್ಲಿಂದ ಸಿಗಂದೂರು, ವಾಪಸ್ ಬರುವಾಗ ನಡುರಾತ್ರಿ, ಮಕ್ಕಳು ಹಿಂದಿನ ಸೀಟಲ್ಲಿ ವಾಂತಿ ಮಾಡಿಕೊಂಡು ಮಲಗಿದ್ದರು. ಮರುದಿನ ತಡವಾಗಿ ಎದ್ದು, ಊಟದ ಹೊತ್ತಿಗೆ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋದರು. ಆನೆಗಳು ಅಷ್ಟರಲ್ಲಿ ಕಾಡಿಗೆ ಹೋಗಿಯಾಗಿತ್ತು. ಹೊರಡುವಾಗ ಆ ಯಜಮಾನರು ನನ್ನ ಮನೆಯ ಜಗುಲಿಯಲ್ಲಿ ಕೂತು, "ನಿಮ್ಮೂರು ಬಲು ದುಬಾರಿ ಮಾರಾಯ, ನೋಡೋದಕ್ಕೂ ಏನಿಲ್ಲ" ಅಂದರು. ಆ ಮಾತು ನನಗಿನ್ನೂ ಜೀರ್ಣವಾಗಿಲ್ಲ. ಊರು ದುಬಾರಿಯಲ್ಲ, ಸ್ವಾಮಿ. ನೀವು ದುಡ್ಡು ಕೊಟ್ಟು ಕೊಂಡದ್ದು ಕಾರಿನ ಸೀಟು.

ಅದೇ ಸಕ್ರೆಬೈಲು ಪೇಟೆಯಿಂದ 14 ಕಿ.ಮೀ. ಅಷ್ಟೆ, ತೀರ್ಥಹಳ್ಳಿ ರಸ್ತೆಯಲ್ಲಿ. ಬೆಳಗ್ಗೆ ಬೇಗ ಹೋಗಬೇಕು. ಗಾಜನೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಆನೆ ಮಗ್ಗುಲಾಗಿ ಮಲಗಿರುತ್ತದೆ, ಮಾವುತ ಅದರ ಹೊಟ್ಟೆಯ ಮೇಲೆ ನಿಂತು ಉಜ್ಜುತ್ತಿರುತ್ತಾನೆ. ಕಿವಿಯ ಹಿಂದೆ ಉಜ್ಜುವಾಗ ಸೊಂಡಿಲ ತುದಿಯಷ್ಟೇ ನೀರಿನಿಂದ ಮೇಲೆ ಬಂದು ಉಸಿರು ಬಿಡುತ್ತದೆ. ಮಕ್ಕಳು ಅಲ್ಲಿಂದ ಏಳುವುದೇ ಇಲ್ಲ. ಏಳಿಸಬೇಡಿ. ಬಸ್ಸಲ್ಲಿ ಹೋಗಿ ಬಸ್ಸಲ್ಲಿ ಬರಬಹುದಾದ ಜಾಗ ಅದು.

ಬಸ್ಸಿನ ವಿಷಯಕ್ಕೇ ಇನ್ನೊಂದು ಮಾತು. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇದೆ. 6 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, 12ರವರೆಗೆ ಅರ್ಧ. ಆದರೆ ಅದನ್ನೇ ನಂಬಿಕೊಂಡು ಮಲೆನಾಡಿಗೆ ಬಂದರೆ ಲೆಕ್ಕ ತಪ್ಪುತ್ತದೆ, ತೀರ್ಥಹಳ್ಳಿ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅವುಗಳಲ್ಲಿ ಎಲ್ಲರಿಗೂ ಟಿಕೆಟ್. ಹಾಗಿದ್ದರೂ ಕಾರಿನ ಬಾಡಿಗೆಗೆ ಹೋಲಿಸಿದರೆ ಅದೇನೂ ಅಲ್ಲ.

ಪೇಟೆಯೊಳಗೆ ಶಿವಪ್ಪ ನಾಯಕನ ಅರಮನೆ ಇದೆ. ತುಂಗೆಯ ದಡದಲ್ಲೇ, ಮರದ ಕಂಬಗಳ ಕಟ್ಟಡ. ಅಂಗಳದಲ್ಲಿ ಸಾಲಾಗಿ ವೀರಗಲ್ಲುಗಳು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಸತ್ತ ವೀರನನ್ನು ಹೊತ್ತೊಯ್ಯುವುದು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಅವನೇ ಕೂತಿರುವುದು. ಕೆಳಗಿನಿಂದ ಮೇಲಕ್ಕೆ ಓದಬೇಕು ಅಂತ ಒಮ್ಮೆ ಹೇಳಿಕೊಟ್ಟರೆ ಮಕ್ಕಳು ಮುಂದಿನ ಕಲ್ಲನ್ನು ತಾವೇ ಓದುತ್ತಾರೆ. ಲಿಸ್ಟಿನವರು ಅಲ್ಲಿ ಒಂದು ಫೋಟೊ ತೆಗೆದುಕೊಂಡು ಹೊರಡುತ್ತಾರೆ.

ಇಷ್ಟು ವರ್ಷದಲ್ಲಿ ಎಲ್ಲರೂ ಎಷ್ಟಾಗುತ್ತೆ ಅಂತ ಕೇಳಿದರೇ ಹೊರತು, ಯಾವ ತಿಂಗಳಲ್ಲಿ ಬರಲಿ ಅಂತ ಒಬ್ಬರೂ ಕೇಳಲಿಲ್ಲ. ನಾನು ಕಾಯುತ್ತಿರುವುದು ಆ ಪ್ರಶ್ನೆಗೆ. ನಮ್ಮಲ್ಲಿ ದುಡ್ಡು ಉಳಿಯುವುದೂ ಹೋಗುವುದೂ ಅದರ ಮೇಲೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಶರಾವತಿಯ ನೀರು ಮೊದಲು ಹೋಗುವುದು ಕರೆಂಟಿಗೆ. ಜೋಗದ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಧಾರೆಗಳು 253 ಮೀಟರ್ ಆಳಕ್ಕೆ ಭೋರ್ಗರೆದು ಬೀಳುವುದನ್ನು ನೋಡಬೇಕೆಂದರೆ ಮಳೆಗಾಲದಲ್ಲೇ ಬನ್ನಿ. ಆಗಸ್ಟ್ ಒಳ್ಳೆಯದು. ಮಂಜು ಕವಿದು ಏನೂ ಕಾಣದಿದ್ದರೆ ಕಾಯಿರಿ, ಅದು ಸರಿಯುತ್ತದೆ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದೂ ಆ ಕಾಲಕ್ಕೇ, ಜುಲೈನಿಂದ ಅಕ್ಟೋಬರ್. ಆಗುಂಬೆಯ ಸೂರ್ಯಾಸ್ತ ಇದಕ್ಕೆ ತದ್ವಿರುದ್ಧ. ಮಳೆಗಾಲದಲ್ಲಿ ಅಷ್ಟು ದೂರ ಹೋಗಿ ನಿಂತರೆ ಸಿಗುವುದು ಬರೀ ಬಿಳಿ ಮಂಜು. ನವೆಂಬರ್ ದಾಟಿ ಆಕಾಶ ತಿಳಿಯಾದ ಮೇಲೆ ಹೋಗಿ.

ಮಳೆಗಾಲಕ್ಕೆ ಬರುವವರು ಜೋಗಕ್ಕೆ ಶಿವಮೊಗ್ಗದಿಂದ ಹೋಗಲೇಬೇಡಿ. ಬೆಂಗಳೂರಿನಲ್ಲಿ ತಾಳಗುಪ್ಪದ ರಾತ್ರಿ ರೈಲು ಹತ್ತಿ, ಬೆಳಗ್ಗೆ ಸಾಗರದಲ್ಲಿ ಇಳಿಯಿರಿ. ಒಂದು ರಾತ್ರಿಯ ಲಾಡ್ಜ್ ದುಡ್ಡೂ ಉಳಿಯಿತು, ಅಷ್ಟು ದೂರದ ಕಾರಿನ ಬಾಡಿಗೆಯೂ ಉಳಿಯಿತು. ಅಲ್ಲಿಂದ ಜೋಗ 30 ಕಿ.ಮೀ., ಬಸ್ಸಿದೆ. ಸಂಜೆ ವಾಪಸ್ ಬಂದು ಸಾಗರದಲ್ಲೇ ಉಳಿದರೆ ಇಕ್ಕೇರಿ, ಕೆಳದಿ ಎರಡೂ ಆಟೋ ದೂರ. ಕೆಳದಿಯ ಗುಡಿಯಲ್ಲಿ ತಲೆಯೆತ್ತಿ ಮಾಡನ್ನು ನೋಡಿ, ಗಂಡಭೇರುಂಡ ಅಲ್ಲಿದೆ. ಚಳಿಗಾಲಕ್ಕೆ ಬರುವವರು ತೀರ್ಥಹಳ್ಳಿ ರಸ್ತೆಯನ್ನೇ ಹಿಡಿಯಿರಿ: ಬೆಳಗ್ಗೆ ಆನೆ, ಮಧ್ಯಾಹ್ನ ತೀರ್ಥಹಳ್ಳಿಯಲ್ಲಿ ಊಟ, ಆಮೇಲೆ ಕುಪ್ಪಳಿಯಲ್ಲಿ ಕುವೆಂಪು ಬೆಳೆದ ಮನೆ, ಕವಿಶೈಲದ ಬಂಡೆಗಳ ಮೇಲೆ ಸಂಜೆ. ಆಗುಂಬೆಯನ್ನು ಮರುದಿನಕ್ಕೆ ಇಡಿ.

ಮೇ ತಿಂಗಳಲ್ಲೇ ರಜೆ ಸಿಗುವುದು ಅನ್ನುವವರು ಜೋಗ ಬಿಟ್ಟುಬಿಡಿ. ಆನೆ ನೋಡಿ, ಅರಮನೆ ನೋಡಿ, ಸಂಜೆ ಕೂಡ್ಲಿಗೆ ಹೋಗಿ, ತುಂಗೆಯೂ ಭದ್ರೆಯೂ ಕೂಡುವಲ್ಲಿ ಮೆಟ್ಟಿಲ ಮೇಲೆ ಅಜ್ಜಿಯನ್ನು ಕೂರಿಸಿ. ಪೇಟೆಯಿಂದ ಹದಿನೈದು ಹದಿನಾರು ಕಿಲೋಮೀಟರ್, ಆಟೋದವರು ಬರುತ್ತಾರೆ. ಹೊರಡುವ ಮುಂಚೆಯೇ ಹೋಗಿಬರುವ ಬಾಡಿಗೆ ಮಾತಾಡಿಕೊಳ್ಳಿ.