ಮೊಟ್ಟೆ ಇದ್ದದ್ದು ತಳದಲ್ಲಿ, ನಾನು ನೋಡಿದ್ದು ಮೇಲ್ಮೈಯನ್ನ

ಸ್ಕ್ವಿಡ್ ಎಲ್ಲಿ ಮೊಟ್ಟೆ ಇಡುತ್ತದೆ ಅಂತ ನಕ್ಷೆ ಮಾಡುವುದು ನನ್ನ ಕೆಲಸ. ಸ್ಕ್ವಿಡ್ ಅಂದರೆ ಹಲವು ತೋಳಿನ, ಮೆತ್ತನೆ ಮೈಯ ಕಡಲ ಜೀವಿ, ಕರಾವಳಿಯವರ ಬಾಯಲ್ಲಿ ಬೊಂಡಾಸ್. ಕೇಳಿದವರೆಲ್ಲ ನಾನು ದಿನಾ ಸಮುದ್ರಕ್ಕೆ ಹೋಗುತ್ತೇನೆ ಅಂದುಕೊಳ್ಳುತ್ತಾರೆ. ಇಲ್ಲ, ಬೆಳಗಿನಿಂದ ಸಂಜೆವರೆಗೆ ಕಂಪ್ಯೂಟರ್ ಮುಂದೆ. ನಾನು ಮಾಡಿದ ತಪ್ಪಿಗೆ ಅದೂ ಒಂದು ಕಾರಣ.

ಹೊಸದಾಗಿ ಸೇರಿದಾಗ ಕೈಗೆ ಬಂದದ್ದು ಕ್ಯಾಲಿಫೋರ್ನಿಯಾದ ಮಾರ್ಕೆಟ್ ಸ್ಕ್ವಿಡ್. ಒಂದು ವರ್ಷವೂ ಬದುಕದ ಜೀವಿ. ಮೊಟ್ಟೆ ಇಟ್ಟು ಸಾಯುತ್ತದೆ. ಹಾಗಾಗಿ ಒಂದು ಸೀಸನ್ ಕೆಟ್ಟರೆ ಹಳೆಯ ತಲೆಮಾರು ಉಳಿದಿದೆ ಅನ್ನುವ ಧೈರ್ಯ ಇಲ್ಲ. 1997–98ರಲ್ಲಿ ಎಲ್ ನಿನೋ ಬಂದು, ಅಂದರೆ ಪೆಸಿಫಿಕ್ ಸಾಗರದ ನೀರು ಎಂದಿಗಿಂತ ಬಿಸಿಯಾಗಿ, ಸ್ಕ್ವಿಡ್ ಸಿಗುವುದೇ ಹೆಚ್ಚುಕಡಿಮೆ ನಿಂತುಹೋಗಿತ್ತು. 1999–2000ರ ವೇಳೆಗೆ ಬಲೆಗಳು ಮತ್ತೆ ತುಂಬಿದವು. ಇಷ್ಟು ಏರಿಳಿಯುವ ಜೀವಿಯ ಬಗ್ಗೆ ಭವಿಷ್ಯ ಹೇಳಬೇಕಿತ್ತು ನಾನು.

ಸುಲಭದ ದಾರಿ ಹಿಡಿದೆ. ಉಪಗ್ರಹ ಅಳೆದ ಸಮುದ್ರದ ಬಿಸಿಯ ಅಂಕಿಗಳು ಪುಕ್ಕಟೆ ಸಿಗುತ್ತವೆ. ಅದಕ್ಕೆ ದೋಣಿಗಳು ಎಲ್ಲಿ ಎಷ್ಟು ಹಿಡಿದವು ಅನ್ನುವ ಲೆಕ್ಕ ಕೂಡಿಸಿದೆ. ನಕ್ಷೆ ನೋಡೋಕೆ ಬಹಳ ಚೆಂದ ಬಂತು. 2014–16ರಲ್ಲಿ ಆ ಕಡಲಲ್ಲಿ ‘ಬ್ಲಾಬ್’ ಅಂತ ಹೆಸರಾದ ಬಿಸಿನೀರಿನ ರಾಶಿ ಹರಡಿತ್ತಲ್ಲ, ಆ ವರ್ಷಗಳಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಜಾಗಗಳೆಲ್ಲ ಕೆಂಪು ಕೆಂಪು. ‘ಇಲ್ಲಿ ಮೊಟ್ಟೆ ಇಡಲು ಆಗುವುದಿಲ್ಲ’ ಅಂತ ಸ್ಲೈಡ್‌ನಲ್ಲಿ ದಪ್ಪಕ್ಷರದಲ್ಲಿ ಬರೆದೂ ಬಿಟ್ಟೆ.

ಮೀಟಿಂಗ್‌ನಲ್ಲಿ ಸಹೋದ್ಯೋಗಿಯೊಬ್ಬರಿದ್ದರು. ನೀರಿನಡಿ ಓಡಾಡುವ ಕ್ಯಾಮೆರಾದ ವಿಡಿಯೋ ನೋಡಿ ಮೊಟ್ಟೆ ಎಣಿಸುವುದು ಅವರ ಕೆಲಸ. ನನ್ನ ಮಾತು ಮುಗಿದ ಮೇಲೆ ಏನೂ ಹೇಳದೆ ಒಂದು ವಿಡಿಯೋ ಹಾಕಿದರು. ಮೊದಲು ಬರೀ ಮರಳು. ಆಮೇಲೆ ಬಿಳಿ ಬಿಳಿ ಕೋಶಗಳ ಹಾಸು. ಒಂದೊಂದು ಕೋಶದಲ್ಲೂ ಇನ್ನೂರರ ಆಸುಪಾಸು ಮೊಟ್ಟೆ. ಒಂದು ತುದಿ ಮರಳಿಗೆ ನೆಟ್ಟಿದೆ, ಇನ್ನೊಂದು ತುದಿ ನೀರಿನ ಜೊತೆ ತೂಗಾಡುತ್ತಿದೆ. ಪರದೆಯ ಮೂಲೆಯಲ್ಲಿ ಆಳ 70 ಮೀಟರ್, ಬಿಸಿ 12 ಡಿಗ್ರಿ. ನನ್ನ ನಕ್ಷೆಯಲ್ಲಿ ಆ ಜಾಗ ಕಡುಗೆಂಪು.

‘ನಿಮ್ಮ ಉಪಗ್ರಹಕ್ಕೆ ಇಷ್ಟು ಕೆಳಗೆ ಕಾಣುತ್ತಾ?’ ಅಂದರು.

ಕಾಣಲ್ಲ. ಶಾಖ ಅಳೆಯುವ ಉಪಗ್ರಹಕ್ಕೆ ತಿಳಿಯುವುದು ನೀರಿನ ಮೇಲಿನ ಪದರ ಮಾತ್ರ, ಅದೂ ಮಿಲಿಮೀಟರ್‌ಗಿಂತ ತೆಳ್ಳಗಿನದು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಈ ಸ್ಕ್ವಿಡ್ ಮೊಟ್ಟೆಗೆ ಒಗ್ಗುವುದು ತಳದಲ್ಲಿ ಸುಮಾರು 10ರಿಂದ 14 ಡಿಗ್ರಿ. ಉತ್ತರದ ಮಾಂಟೆರೆ ಕೊಲ್ಲಿಯಲ್ಲಿ ಅಷ್ಟು ತಂಪು ಕಡಿಮೆ ಆಳದಲ್ಲೇ ಸಿಗುತ್ತದೆ. ದಕ್ಷಿಣದ ನೀರು ಬೆಚ್ಚಗೆ, ಅದಕ್ಕೇ ಅಲ್ಲಿ ಮೊಟ್ಟೆ ಇನ್ನೂ ಕೆಳಗೆ, 90 ಮೀಟರ್‌ವರೆಗೂ ಕಂಡಿದೆ. ಅಂದರೆ ನೀರು ಬಿಸಿಯಾದಾಗ ಉತ್ತರಕ್ಕೆ ಹೋಗುವುದೊಂದೇ ದಾರಿಯಲ್ಲ, ಇದ್ದಲ್ಲೇ ಕೆಳಗಿಳಿಯಬಹುದು. ಹಾಗಂತ ಇಳಿಯುತ್ತಲೇ ಹೋಗಲೂ ಆಗದು. ಕೆಳಗೆ ಹೋದಷ್ಟೂ ಆಮ್ಲಜನಕ ಕಡಿಮೆ. ಮೇಲಿನಿಂದ ಬಿಸಿ ಒತ್ತುತ್ತದೆ, ಕೆಳಗಿನಿಂದ ಉಸಿರಿಲ್ಲದ ನೀರು ಏರುತ್ತದೆ. ನಡುವೆ ಉಳಿಯುವ ಪಟ್ಟಿಯಷ್ಟೇ ಮೊಟ್ಟೆಯ ಜಾಗ. ನನ್ನ ನಕ್ಷೆಗೆ ಉದ್ದ ಅಗಲ ಇತ್ತು, ಆಳವೇ ಇರಲಿಲ್ಲ.

ಇನ್ನೊಂದು ತಪ್ಪು ಆಮೇಲೆ ಸಿಕ್ಕಿತು. ಅದು ನೆನೆದರೆ ಈಗಲೂ ನಗು. ನನ್ನ ಲೆಕ್ಕದಲ್ಲಿ ಪ್ರತಿ ಶನಿವಾರ ಸ್ಕ್ವಿಡ್ ಮಾಯ. ಚಂದ್ರನೋ ಅಲೆಯೋ ಅಂತ ಎರಡು ದಿನ ತಲೆ ಕೆರೆದುಕೊಂಡೆ. ಕೊನೆಗೆ ನೋಡಿದರೆ, ಕ್ಯಾಲಿಫೋರ್ನಿಯಾದಲ್ಲಿ ಶುಕ್ರವಾರ ಮಧ್ಯಾಹ್ನದಿಂದ ಭಾನುವಾರ ಮಧ್ಯಾಹ್ನದವರೆಗೆ ವ್ಯಾಪಾರಕ್ಕೆ ಸ್ಕ್ವಿಡ್ ಹಿಡಿಯುವಂತಿಲ್ಲ, ಅವು ಅಡ್ಡಿಯಿಲ್ಲದೆ ಮೊಟ್ಟೆ ಇಡಲಿ ಅಂತ. ಮಾಯವಾಗಿದ್ದದ್ದು ದೋಣಿಗಳು! ಆಳದ ವಿಷಯದಲ್ಲೂ ಅದೇ ಕಥೆ. ದೋಣಿಯವರು ಸುತ್ತುಗಟ್ಟಿ ಎಳೆಯುವ ಪರ್ಸೀನ್ ಬಲೆ ಮುಟ್ಟದಷ್ಟು ಕೆಳಗೆ ಸ್ಕ್ವಿಡ್ ಇಳಿದರೆ ನನ್ನ ಕಾಲಂನಲ್ಲಿ ಸೊನ್ನೆ ಬೀಳುತ್ತದೆ. ‘ಇಲ್ಲ’ ಮತ್ತು ‘ಯಾರೂ ನೋಡಿಲ್ಲ’ ಎರಡಕ್ಕೂ ಒಂದೇ ಸೊನ್ನೆ ಹಾಕಿಕೊಂಡು ಕೂತಿದ್ದೆ.

ಹಾಗಾದರೆ ತಳದ ಬಿಸಿ ಹಾಕಿದರೆ ಎಲ್ಲ ಸ್ಕ್ವಿಡ್‌ಗೂ ಸರಿಹೋಗುತ್ತಾ ಅಂದರೆ ಅದೂ ಇಲ್ಲ. ಜಪಾನಿನ ಹಾರುವ ಸ್ಕ್ವಿಡ್ ಮೊಟ್ಟೆಯನ್ನು ನೆಲಕ್ಕೆ ನೆಡುವುದೇ ಇಲ್ಲ. ಲೋಳೆಯ ದೊಡ್ಡ ಚೆಂಡು ಮಾಡಿ ನಡುನೀರಿನಲ್ಲಿ ತೇಲಲು ಬಿಡುತ್ತದೆ. ಹಂಬೋಲ್ಟ್ ಸ್ಕ್ವಿಡ್‌ನ ಅಂಥ ಒಂದು ಚೆಂಡು 2006ರಲ್ಲಿ ಮೆಕ್ಸಿಕೋದ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ಸಿಕ್ಕಿತ್ತು, ಎರಡು-ಮೂರು ಮೀಟರ್ ಅಗಲದ್ದು. ಮನುಷ್ಯ ಒಳಗೆ ಹಿಡಿಸುವಷ್ಟು! ಆ ಮೊಟ್ಟೆಗಳಿಗೆ ತಳದ ಬಿಸಿ ಎಷ್ಟಿದ್ದರೂ ಅಷ್ಟಕ್ಕಷ್ಟೇ, ಯಾವ ಪದರದಲ್ಲಿ ತೇಲುತ್ತವೋ ಅಲ್ಲಿನ ಬಿಸಿ ಬೇಕು. ಈಗ ಹೊಸ ಜಾತಿ ಕೈಗೆ ಬಂದರೆ ಮೊಟ್ಟೆ ಎಲ್ಲಿರುತ್ತದೆ ಅಂತ ಬರೆದುಕೊಂಡೇ ಅಂಕಿ ಹುಡುಕುತ್ತೇನೆ.

ಕ್ಯಾಲಿಫೋರ್ನಿಯಾದ ಉತ್ತರಕ್ಕಿರುವ ಒರೆಗಾನ್ ಕಡೆ 2016ರಿಂದ ಮಾರ್ಕೆಟ್ ಸ್ಕ್ವಿಡ್ ಚೆನ್ನಾಗಿ ಸಿಗತೊಡಗಿತು. ಮೊದಲಿನ ನಾನಾಗಿದ್ದರೆ ‘ಸ್ಕ್ವಿಡ್ ಉತ್ತರಕ್ಕೆ ವಲಸೆ’ ಅಂತ ಒಂದು ಬಾಣ ಎಳೆದು ಮುಗಿಸುತ್ತಿದ್ದೆ. ಈಗ ಉತ್ತರದ ಅಂಚು ಬೇರೆ, ದಕ್ಷಿಣದ ಅಂಚು ಬೇರೆ ಅಂತ ನೋಡುತ್ತೇನೆ. ಅಲ್ಲಿ ಜಾಸ್ತಿಯಾದ ಮಾತ್ರಕ್ಕೆ ಇಲ್ಲಿ ಖಾಲಿ ಅಂತಲ್ಲ.

ತೊಂದರೆ ಏನಂದರೆ, ತಳದ ಬಿಸಿ ಅಳೆದಿರುವ ಜಾಗಗಳು ತೀರ ಕಡಿಮೆ. ಅಳೆಯದ ಕಡೆಗೆ ಬೂದು ಬಣ್ಣ ಹಾಕಿದ್ದೇನೆ. ನಕ್ಷೆಯ ಅರ್ಧಕ್ಕಿಂತ ಜಾಸ್ತಿ ಈಗ ಬೂದು. ಮೊದಲಿನದರಷ್ಟು ಚೆಂದ ಇಲ್ಲ.