ಬೇಲಿಯ ಬುಡದಲ್ಲೊಂದು ಕಂಡಿ

ಕಳೆದ ವಾರ, ಆಗಸ್ಟ್ ಮುಗಿಯುತ್ತಿದ್ದ ಒಂದು ಸಂಜೆ, ಇಂಗ್ಲೆಂಡಿನ ಬ್ರಿಸ್ಟಲ್‌ನ ನಮ್ಮ ಹಿತ್ತಿಲಿನಲ್ಲಿ ಒಣಗಿದ ಬಟ್ಟೆಗಳನ್ನು ತೆಗೆಯುತ್ತಿದ್ದಾಗ ಪಕ್ಕದ ಮನೆಯ ಹಿರಿಯರು ಮರದ ಬೇಲಿಯ ಆಚೆಯಿಂದ ಕರೆದರು. ನಮ್ಮಿಂದ ಏನೋ ತೊಂದರೆಯಾಗಿರಬೇಕೆಂದು ಅಳುಕುತ್ತಲೇ ಹೋದೆ. ಅವರು ಕೇಳಿದ್ದು, ಬೇಲಿಯ ಬುಡದಲ್ಲಿ 13 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರದ ಕಂಡಿಯೊಂದನ್ನು ಕೊರೆಯಲು ನನ್ನ ಒಪ್ಪಿಗೆಯನ್ನು.

ಅದು ಹೆಡ್ಜ್‌ಹಾಗ್‌ಗಾಗಿ. ನಮ್ಮ ಮಲೆನಾಡಿನ ಮುಳ್ಳುಹಂದಿಯಂತೆ ದೊಡ್ಡದಲ್ಲ, ಬೊಗಸೆಯಲ್ಲಿ ಹಿಡಿಯುವಷ್ಟು ಪುಟ್ಟ ಪ್ರಾಣಿ. ಹೆದರಿದರೆ ಮುಳ್ಳಿನ ಉಂಡೆಯಾಗುತ್ತದೆ. ಆಹಾರ ಅರಸುತ್ತ ಒಂದೇ ರಾತ್ರಿಯಲ್ಲಿ ಒಂದೆರಡು ಕಿಲೋಮೀಟರ್ ನಡೆಯುವ ಇದಕ್ಕೆ ಒಂದು ಮನೆಯ ತೋಟ ಸಾಲದು. ಚಳಿಗಾಲದ ದೀರ್ಘ ನಿದ್ರೆಗೆ ಮೊದಲು ಈಗಲೇ ಮೈ ತುಂಬಿಕೊಳ್ಳಬೇಕು. 2020ರಲ್ಲಿ, ಅಳಿವಿನ ಅಪಾಯದಲ್ಲಿರುವ ಬ್ರಿಟನ್ನಿನ ಸಸ್ತನಿಗಳ ಕೆಂಪು ಪಟ್ಟಿಗೆ ಇದೂ ಸೇರಿತು.

“ದಿನವೂ ನಿಮ್ಮ ಬೇಲಿಯ ಉದ್ದಕ್ಕೂ ಮೂಸುತ್ತ ಹೋಗಿ, ದಾರಿ ಸಿಗದೆ ಹಿಂದಿರುಗುತ್ತದೆ. ನೋಡಿಕೊಂಡು ಸುಮ್ಮನಿರಲಾಗುವುದಿಲ್ಲ,” ಎಂದರು ಅವರು.

ಒಪ್ಪಿದೆ. ಆ ಮಾತು ಮಾತ್ರ ನನ್ನನ್ನು ಬಿಡಲಿಲ್ಲ.

ಮೈಸೂರಿನ ನಮ್ಮ ಮನೆಗೆ ಮೊದಲು ದಾಸವಾಳದ ಬೇಲಿಯಿತ್ತು. ಅದರ ಬುಡದಲ್ಲಿ ನೆಲ ಸವೆದು ನುಣುಪಾದ ಒಂದು ಸಂದಿಯಿತ್ತು. ಬೆಳಗಿನ ಹೊತ್ತು ಅದರೊಳಗಿನಿಂದ ಮುಂಗುಸಿ ನುಸುಳಿ ಬಂದು, ಬಾವಿಕಟ್ಟೆಯನ್ನು ಬಳಸಿ, ತೆಂಗಿನ ಮರದ ಹಿಂದೆ ಮರೆಯಾಗುತ್ತಿತ್ತು. ಪರೀಕ್ಷೆಯ ದಿನ ಅದು ಕಂಡರೆ ಅಮ್ಮ “ಒಳ್ಳೆಯ ಶಕುನ, ಹೊರಡು” ಎನ್ನುತ್ತಿದ್ದಳು. ಆ ಸಂದಿಗೆ ಕಸ ಸುರಿಯಲು ಅವಳು ಯಾರನ್ನೂ ಬಿಡುತ್ತಿರಲಿಲ್ಲ. ಮುಂದೆ ಅಣ್ಣ ಬೇಲಿ ಕೀಳಿಸಿ, ಆಳೆತ್ತರದ ಕಾಂಪೌಂಡ್ ಕಟ್ಟಿಸಿ, ಅಂಗಳಕ್ಕೆ ಸಿಮೆಂಟ್ ಹಾಕಿಸಿದ. ಆ ಖರ್ಚಿನಲ್ಲಿ ಅರ್ಧ ಹಣ ಇಲ್ಲಿಂದ ನಾನೇ ಕಳುಹಿಸಿದ್ದೆ, ಮನೆ ಭದ್ರವಾಯಿತೆಂಬ ಸಂತೋಷದಿಂದಲೇ. ಮುಂಗುಸಿ ಯಾವ ಕಡೆಯಿಂದ ಬರಬೇಕೆಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಅಕ್ಕಪಕ್ಕದ ಮನೆಗಳಲ್ಲೂ ಹೀಗೆಯೇ ಆಯಿತು. ಅಲ್ಲಿ ಹಕ್ಕಿಗಳಿಗೆ ಮಹಡಿಯ ಮೇಲೆ ಕಾಳು, ನೀರು ಇಡುವವರು ಈಗಲೂ ಇದ್ದಾರೆ. ನೆಲದ ಮೇಲೆ ನಡೆಯುವ ಜೀವಗಳಿಗೆ ಮಾತ್ರ ದಾರಿಯಿಲ್ಲ.

ಇಲ್ಲಿ ಸ್ವಿಫ್ಟ್ ಹಕ್ಕಿಗಳು ಆಗಸ್ಟ್ ಆರಂಭದಲ್ಲೇ ಆಫ್ರಿಕಾಕ್ಕೆ ಹೊರಟುಹೋಗಿ ಆಕಾಶ ಬರಿದಾಗಿದೆ. ರೆಕ್ಕೆಪುಕ್ಕ ಉದುರಿಸುವ ಕಾಲವಾದ್ದರಿಂದ ಬ್ಲ್ಯಾಕ್‌ಬರ್ಡ್‌ಗಳೂ ಮೌನವಾಗಿವೆ. ರಾಬಿನ್ ಮಾತ್ರ ಸೇಬಿನ ಮರದಲ್ಲಿ ಕುಳಿತು, ವಸಂತದ ಹಾಡಿಗಿಂತ ತೆಳುವಾದ, ತುಸು ವಿಷಾದದ ಹಾಡನ್ನು ಹಾಡುತ್ತದೆ. ಈ ಕಾಲದಲ್ಲಿ ಹೆಣ್ಣು ರಾಬಿನ್ ಕೂಡ ತನ್ನದೇ ನೆಲ ಕಾಯಲು ಹಾಡುತ್ತದೆಯಂತೆ.

ಕಂಡಿ ಕೊರೆದ ಮೂರನೆಯ ರಾತ್ರಿ, ದೀಪ ಆರಿಸಿ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದಾಗ, ಮೊದಲು ಒಣ ಎಲೆಗಳ ಸರಸರ ಸದ್ದು ಕೇಳಿತು. ಬಳಿಕ ಚೂಪು ಮೂತಿಯೊಂದು ಬೇಲಿಯ ಈಚೆಗೆ ಬಂದಿತು. ನಾವಿಟ್ಟ ನೀರಿನ ತಟ್ಟೆಯ ಬಳಿ ಅದು ಬಹಳ ಹೊತ್ತು ನಿಂತಿತು.

ಮರುದಿನ ಅಣ್ಣನಿಗೆ ಕರೆ ಮಾಡಿ, ಕಾಂಪೌಂಡಿನ ಬುಡದಲ್ಲಿ ಮಳೆನೀರು ಹೋಗಲು ಬಿಟ್ಟಿರುವ ತೂತಿನ ಜಾಲರಿಯನ್ನು ತೆಗೆಸಲಾದೀತೇ ಎಂದು ಕೇಳಿದೆ. ಹೆಗ್ಗಣ ಬರುತ್ತದೆ ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಮ್ಮ ಇದ್ದಿದ್ದರೆ ತೆಗೆಸುತ್ತಿದ್ದಳು ಎಂದೂ ಅವನೇ ಹೇಳಿದ.