ನಾಲ್ಕನೇ ಕ್ಲಾಸಿನ ಭಾಗಾಕಾರ: ಐದನೇ ವಾರ

ಮೂರು ಬಣ್ಣದ ಲೆಕ್ಕದ ಹಾಳೆಗಳನ್ನು ಈ ವಾರ ಬೀರುವಿಗೆ ಸೇರಿಸಿದೆ. ಇನ್ನು ಅವು ಬೇಡ. ಯಾಕೆ ಅಂತ ಬರೆದಿಡುತ್ತೇನೆ.

ನನ್ನ ಕ್ಲಾಸಿನಲ್ಲಿ 19 ಮಕ್ಕಳು. ಮೂರನೇ ತರಗತಿವರೆಗೆ ಎಲ್ಲರೂ ನಲಿಕಲಿಯಲ್ಲಿ ಕಲಿತವರು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಎಚ್.ಡಿ. ಕೋಟೆಯ ಮೇಷ್ಟ್ರುಗಳು 1995ರಲ್ಲಿ ಶುರು ಮಾಡಿದ ಪದ್ಧತಿ ಅದು. ಅಲ್ಲಿ ಮಗು ಕಲಿಕಾ ಏಣಿಯನ್ನು, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಾಠಗಳನ್ನು, ತನ್ನ ವೇಗದಲ್ಲೇ ಹತ್ತುತ್ತದೆ. ಕಾರ್ಡ್ ತೆಗೆದುಕೊಂಡು, ಅದರ ಮೇಲಿನ ಚಿತ್ರ ನೋಡಿ, ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಜ್ವರ ಬಂದು ಒಂದು ವಾರ ಮಲಗಿದ್ದರೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹೋಗಬಹುದು. ನಾಲ್ಕಕ್ಕೆ ಬಂದ ಕೂಡಲೇ ಎಲ್ಲರಿಗೂ ಒಂದೇ ಪುಟ, ಒಂದೇ ದಿನ. ನನಗೆ ಸಂಕಟ ಆಗುತ್ತಿದ್ದದ್ದು ಇಲ್ಲೇ.

ಟ್ರೇನಿಂಗುಗಳಲ್ಲಿ ಡಿಫರೆನ್ಶಿಯೇಟೆಡ್ ಇನ್‌ಸ್ಟ್ರಕ್ಷನ್, ಅಂದರೆ ಮಗುವಿಗೆ ತಕ್ಕಂತೆ ಪಾಠ ಹೊಂದಿಸುವುದು, ಅನ್ನುವ ಮಾತು ಕೇಳುತ್ತಲೇ ಇರುತ್ತೇವೆ. ಕ್ಲಸ್ಟರ್ ಸಭೆಯಲ್ಲಿ ಊಟದ ಹೊತ್ತಿಗೆ ಜೊತೆಯವರನ್ನು ಕೇಳಿದೆ, ಹಾಗಂದ್ರೆ ಕ್ಲಾಸಿನಲ್ಲಿ ಏನು ಮಾಡೋದು ಅಂತ. "ನಿಧಾನದ ಮಕ್ಕಳಿಗೆ ಕಡಿಮೆ ಲೆಕ್ಕ, ಜಾಣರಿಗೆ ಜಾಸ್ತಿ ಲೆಕ್ಕ," ಅಂದರು ಒಬ್ಬರು. "ಮಗುವಿಗೊಂದು ಪಾಠ ಯೋಜನೆ ಬರೀಬೇಕು. ಎರಡು ಕ್ಲಾಸು ಒಟ್ಟಿಗೆ ನೋಡ್ಕೊಳ್ಳೋರಿಗೆ ಆಗೋ ಮಾತಾ ಅದು?" ಅಂದರು ಇನ್ನೊಬ್ಬರು. ಹಿರಿಯ ಟೀಚರೊಬ್ಬರು, "ನಲಿಕಲಿಯಲ್ಲಿ ಇಷ್ಟು ವರ್ಷ ಮಾಡಿದ್ದೇನು ಮತ್ತೆ?" ಅಂದರು. ಅವರ ಮಾತು ನನಗೆ ತುಂಬಾ ಹಿಡಿಸಿತು. ಆದರೆ ಶಾಲೆಗೆ ಬಂದು ನಾನು ಮಾಡಿದ್ದು ಮೊದಲನೆಯವರು ಹೇಳಿದ್ದನ್ನೇ.

ಹಸಿರು, ನೀಲಿ, ಹಳದಿ ಹಾಳೆ. ಹಳದಿಯಲ್ಲಿ 6 ಸುಲಭದ ಲೆಕ್ಕ. ಮೂರನೇ ವಾರ ಒಬ್ಬ ಹುಡುಗಿ ಹಾಳೆಯನ್ನು ಅಂಗೈಯಿಂದ ಮುಚ್ಚಿಕೊಂಡು ಕೇಳಿದಳು, "ಟೀಚರ್, ನಂಗೆ ಯಾವಾಗ್ಲೂ ಹಳದೀನೇ ಯಾಕೆ?" ಏನು ಹೇಳಲಿ? ಸಂಜೆ ಹಾಳೆಗಳನ್ನು ಮತ್ತೆ ನೋಡಿದೆ. ಹಳದಿಯಲ್ಲಿ ಶೇಷ ಉಳಿಯುವ ಲೆಕ್ಕ ಒಂದೂ ಇರಲಿಲ್ಲ. ಹಳದಿ ಹಾಳೆ ಸಿಗುತ್ತಿದ್ದ 5 ಮಕ್ಕಳಿಗೆ ಶೇಷ ಅಂದರೇನು ಅನ್ನುವುದನ್ನೇ ನಾನು ಕಲಿಸಿರಲಿಲ್ಲ.

ಈ ವಿಷಯದಲ್ಲಿ ಬಹಳ ಕೆಲಸ ಮಾಡಿರುವ ಅಮೆರಿಕದ ಕ್ಯಾರಲ್ ಆನ್ ಟಾಮ್ಲಿನ್ಸನ್ ಅವರ ವಿಚಾರ ಆಮೇಲೆ ಓದಿದೆ. ಕಲಿಸುವ ವಿಷಯ, ಕಲಿಯುವ ದಾರಿ, ಕಲಿತದ್ದನ್ನು ತೋರಿಸುವ ರೀತಿ, ಈ ಮೂರನ್ನೂ ಮಕ್ಕಳಿಗೆ ತಕ್ಕಂತೆ ಹೊಂದಿಸಬಹುದು ಅನ್ನುತ್ತಾರೆ. ಗುಂಪುಗಳು ಮಾತ್ರ ಬದಲಾಗುತ್ತಲೇ ಇರಬೇಕು. ನಾನು ಮಕ್ಕಳಿಗೆ ಬಣ್ಣವನ್ನೇ ಅಂಟಿಸಿಬಿಟ್ಟಿದ್ದೆ.

ಅದಕ್ಕೇ ಈ ವಾರ ಎಲ್ಲರಿಗೂ ಒಂದೇ ಪ್ರಶ್ನೆ ಕೊಟ್ಟೆ. ಬಿಸಿಯೂಟದಲ್ಲಿ ಮೊಟ್ಟೆ ತಿನ್ನುವವರು 71 ಮಕ್ಕಳು. ಒಂದು ಟ್ರೇಯಲ್ಲಿ 30 ಮೊಟ್ಟೆ. ಎಷ್ಟು ಟ್ರೇ ತರಬೇಕು? ಬೇಕಾದವರು ಹುಣಸೆ ಬೀಜ ತಗೊಳ್ಳಿ, ಬೇಕಾದವರು ಚಿತ್ರ ಬಿಡಿಸಿ, ಬೇಕಾದವರು ಲೆಕ್ಕ ಬರೆಯಿರಿ ಅಂದೆ.

ಮಗ್ಗಿಯಲ್ಲಿ ಎಲ್ಲರಿಗಿಂತ ಮುಂದಿರುವ ಹುಡುಗ ಎರಡೇ ನಿಮಿಷದಲ್ಲಿ ಬರೆದು ತಂದ: ಭಾಗಲಬ್ಧ 2, ಶೇಷ 11. "ಎರಡು ಟ್ರೇ," ಅಂದ. ಹಳದಿ ಹಾಳೆಯ ಹುಡುಗಿ ಇನ್ನೂ ಟ್ರೇ ಬಿಡಿಸುತ್ತಿದ್ದಳು, ಒಂದೊಂದೇ ಗುಂಡಿಯಲ್ಲಿ ಒಂದೊಂದು ಮೊಟ್ಟೆ. ತಲೆ ಎತ್ತಿ ಅವನನ್ನು ಕೇಳಿದಳು, "ಇನ್ನು ಹನ್ನೊಂದು ಜನಕ್ಕೆ ಬೇಡ್ವಾ?"

ಅವನು ಬಂದು ಅವಳ ಚಿತ್ರ ನೋಡಿದ. ಮೂರನೇ ಟ್ರೇಯಲ್ಲಿ 19 ಮಿಕ್ಕಿತು ಅಂತ ಇಬ್ಬರೂ ಸೇರಿ ಎಣಿಸಿದರು.

ಮಾರನೇ ದಿನ ಗುಂಪುಗಳನ್ನು ಬೇರೆ ಮಾಡಿದೆ. ಶೇಷ ಬರೆದು ಅಲ್ಲಿಗೇ ನಿಲ್ಲಿಸಿದ 7 ಮಕ್ಕಳು ಬೀಜ, ಚಿತ್ರ ಹಿಡಿದು ಕೂತರು. ಉತ್ತರ ಸರಿ ಬಂದರೂ ಲೆಕ್ಕ ಬರೆಯಲು ಬಾರದ 4 ಮಕ್ಕಳ ಜೊತೆ ನಾನು ಕೂತೆ. ಅವಳೂ ಇದ್ದಳು. ಉಳಿದವರು ತಾವೇ ಹೊಸ ಪ್ರಶ್ನೆ ಕಟ್ಟಿದರು. ಗುಂಪಿನ ಪಟ್ಟಿಯನ್ನು ಪೆನ್ಸಿಲ್ಲಿನಲ್ಲೇ ಬರೆದಿದ್ದೇನೆ.

ಸೋಮವಾರದ ಪ್ರಶ್ನೆ ಅವರು ಕಟ್ಟಿದವುಗಳಲ್ಲೇ ಒಂದು: ಮೊಟ್ಟೆ ತಿನ್ನದ 14 ಮಕ್ಕಳಿಗೆ ಬಾಳೆಹಣ್ಣು. ಎರಡು ಡಜನ್ ತರಬೇಕೋ, ಒಂದು ಡಜನ್ ತಂದು ಎರಡು ಬಿಡಿ ಹಣ್ಣು ಕೇಳಬೇಕೋ?